ಅರಳುಮರಳು ಮತ್ತು ಆಲ್ಝೈಮರ್: ಸರಗೂರು ಸೀಮೆಯ ಜನಪದ ಗ್ರಹಿಕೆ ಹಾಗೂ ಆರೈಕೆಯ ನೆಲೆಗಳು

ಪ್ರಸ್ತಾವನೆ

‘ಅರವತ್ತಕ್ಕೆ ಅರಳುಮರಳು’ ಎಂಬ ಗಾದೆ ಕನ್ನಡ ನಾಡಿನ ಎಲ್ಲ ಸೀಮೆಗಳಲ್ಲಿಯೂ ಬಳಕೆಯಲ್ಲಿದೆ. ವಯಸ್ಸಾದವರು ಹೇಳಿದ್ದನ್ನೇ ಹೇಳಿದಾಗ, ಇಟ್ಟ ವಸ್ತುವನ್ನು ಮರೆತಾಗ, ಬಂದ ನೆಂಟರ ಗುರುತು ಹಿಡಿಯದೆ ಹೋದಾಗ ಮನೆಯವರು ಈ ಮಾತನ್ನಾಡಿ ಸುಮ್ಮನಾಗುತ್ತಾರೆ. ಈ ಜೋಡುನುಡಿಯಲ್ಲಿನ ‘ಮರುಳು’ ಎಂಬ ಪದಕ್ಕೆ ಭ್ರಮೆ, ತಿಳಿಗೇಡಿತನ ಎಂಬ ಅರ್ಥಗಳಿವೆ. ದ.ರಾ. ಬೇಂದ್ರೆಯವರು ತಮ್ಮ ಕವನ ಸಂಗ್ರಹವೊಂದಕ್ಕೆ ‘ಅರಳು ಮರಳು’ ಎಂದು ಹೆಸರಿಟ್ಟು, ಅರಳುವಿಕೆ ಮತ್ತು ಮರಳುವಿಕೆ ಎಂಬ ಬೇರೆಯೇ ಅರ್ಥಗಳಿಗೆ ಅದನ್ನು ತೆರೆದರು. ಆ ಕೃತಿಗೆ 1958ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಆದರೆ ಜನಬಳಕೆಯಲ್ಲಿ ಈ ಮಾತು ಉಳಿದಿರುವುದು ಮುಪ್ಪಿನ ಮರೆವಿನ ಹೆಸರಾಗಿಯೇ.

ಗಾದೆಯು ಒಂದು ಅನುಭವವನ್ನು ಹೇಳುವಂತೆಯೇ ಒಂದು ತೀರ್ಪನ್ನೂ ಹೇಳುತ್ತದೆ. ಮುಪ್ಪು ಬಂದರೆ ಬುದ್ಧಿ ಕದಡುವುದು ಸಹಜ ಎಂಬುದು ಇಲ್ಲಿನ ತೀರ್ಪು. ಈ ತೀರ್ಪಿಗೆ ಎರಡು ಮುಖಗಳಿವೆ. ಹಿರಿಯರ ತಪ್ಪನ್ನು ತಪ್ಪೆಂದು ಎಣಿಸದೆ, ಅವರನ್ನು ಹುಚ್ಚರೆಂದು ದೂರವಿಡದೆ, ಮನೆಯೊಳಗೇ ಇರಿಸಿಕೊಳ್ಳುವ ಔದಾರ್ಯ ಒಂದು. ಕಾಯಿಲೆಯನ್ನು ಕಾಯಿಲೆಯೆಂದು ಗುರುತಿಸದೆ, ವೈದ್ಯರ ಬಳಿಗೆ ಕರೆದೊಯ್ಯದೆ ಕಾಲ ಕಳೆಯುವ ಅಲಕ್ಷ್ಯ ಇನ್ನೊಂದು. ಸರಗೂರು ಸೀಮೆಯನ್ನು ಕೇಂದ್ರವಾಗಿರಿಸಿಕೊಂಡು, ಆಲ್ಝೈಮರ್ ಕಾಯಿಲೆಯ ಬಗೆಗಿನ ಇಂದಿನ ವೈದ್ಯಕೀಯ ತಿಳಿವಳಿಕೆಯನ್ನೂ ಮರೆವಿನ ಬಗೆಗಿನ ಜನಪದ ಗ್ರಹಿಕೆಯನ್ನೂ ಜೊತೆಗಿರಿಸಿ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ಮೊದಲನೆಯ ಮುಖವನ್ನು ಉಳಿಸಿಕೊಂಡು ಎರಡನೆಯದನ್ನು ತಿದ್ದಿಕೊಳ್ಳುವುದು ಸಾಧ್ಯ. ಅದಕ್ಕೆ ಬೇಕಾದ ಸಾಮಗ್ರಿ ಬಹುಮಟ್ಟಿಗೆ ಜನಪದರ ಬದುಕಿನಲ್ಲಿಯೇ ಇದೆ ಎಂಬುದು ಇಲ್ಲಿನ ಪ್ರತಿಪಾದನೆ.

ಕಾಯಿಲೆಯ ಸ್ವರೂಪ

ಜರ್ಮನಿಯ ಮನೋವೈದ್ಯ ಅಲೋಯಿಸ್ ಆಲ್ಝೈಮರ್ 1901ರಲ್ಲಿ ಫ್ರಾಂಕ್‌ಫರ್ಟ್ ನಗರದ ಆಸ್ಪತ್ರೆಯಲ್ಲಿ ಆಗುಸ್ಟೆ ಡೀಟರ್ ಎಂಬ ಮಹಿಳೆಯನ್ನು ಪರೀಕ್ಷಿಸಿದನು. ಆಕೆಗೆ ತೀವ್ರವಾದ ಮರೆವು, ಗಂಡನ ಮೇಲೆ ಆಧಾರವಿಲ್ಲದ ಸಂಶಯ, ಮಾತಿನಲ್ಲಿ ತಡವರಿಕೆ ಕಾಣಿಸಿಕೊಂಡಿದ್ದವು. 1906ರಲ್ಲಿ ಆಕೆ ತೀರಿಕೊಂಡ ಬಳಿಕ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಆತನಿಗೆ ನರಕೋಶಗಳ ಹೊರಗೆ ಅಸಹಜ ಗಡ್ಡೆಗಳೂ ಒಳಗೆ ಎಳೆಗಳ ಸಿಕ್ಕುಗಳೂ ಕಂಡವು. ಅದೇ ವರ್ಷ ಟ್ಯೂಬಿಂಗೆನ್ ನಗರದಲ್ಲಿ ಆತ ಇದನ್ನು ವಿದ್ವಾಂಸರ ಮುಂದಿಟ್ಟನು. 1910ರಲ್ಲಿ ಎಮಿಲ್ ಕ್ರೇಪೆಲಿನ್ ತನ್ನ ಪಠ್ಯಗ್ರಂಥದಲ್ಲಿ ಈ ಕಾಯಿಲೆಗೆ ಆಲ್ಝೈಮರ್‌ನ ಹೆಸರನ್ನಿತ್ತನು. ಮೊದಲ ಬಾರಿ ಪರೀಕ್ಷಿಸಿದಾಗ ಆಗುಸ್ಟೆ ಡೀಟರ್‌ಗೆ 51 ವರ್ಷ. ನಮ್ಮ ಗಾದೆ ಹೇಳುವ ಅರವತ್ತಕ್ಕೆ ಆಕೆ ಇನ್ನೂ ಕಾಲಿಟ್ಟಿರಲಿಲ್ಲ. ಮುಪ್ಪು ಈ ಕಾಯಿಲೆಗೆ ಬಹುದೊಡ್ಡ ಅಪಾಯಕಾರಿ ಅಂಶವಾದರೂ ಮುಪ್ಪೇ ಕಾಯಿಲೆಯಲ್ಲ ಎಂಬುದು ಮೊದಲ ಪ್ರಕರಣದಿಂದಲೇ ಸ್ಪಷ್ಟವಾಗುತ್ತದೆ.

ಗಡ್ಡೆಗಳಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನು, ಸಿಕ್ಕುಗಳಲ್ಲಿ ಟೌ ಎಂಬ ಪ್ರೋಟೀನು ಇರುವುದನ್ನು ಮುಂದಿನ ಸಂಶೋಧನೆಗಳು ತೋರಿಸಿಕೊಟ್ಟವು. ಹೊರಗೆ ಲಕ್ಷಣಗಳು ಕಾಣುವುದಕ್ಕೆ ಅನೇಕ ವರ್ಷಗಳ ಮೊದಲೇ ಈ ಬದಲಾವಣೆಗಳು ಆರಂಭವಾಗಿರುತ್ತವೆ. ಹೊಸ ನೆನಪುಗಳನ್ನು ಕಟ್ಟುವ ಹಿಪ್ಪೊಕ್ಯಾಂಪಸ್ ಎಂಬ ಭಾಗ ಬೇಗ ಹಾನಿಗೊಳಗಾಗುವುದರಿಂದ ಬೆಳಿಗ್ಗೆ ಉಂಡದ್ದು ಮರೆತುಹೋಗುತ್ತದೆ. ಐವತ್ತು ವರ್ಷದ ಹಿಂದಿನ ಮದುವೆಯ ಚಪ್ಪರ ಕಣ್ಣಿಗೆ ಕಟ್ಟಿದಂತಿರುತ್ತದೆ. ಇಷ್ಟು ಹಳೆಯದನ್ನು ನೆನಪಿಟ್ಟುಕೊಂಡವರಿಗೆ ಮರೆವಿನ ಕಾಯಿಲೆ ಹೇಗಾದೀತು ಎಂದು ಮನೆಯವರು ಮೋಸಹೋಗುವುದು ಈ ಕಾರಣದಿಂದಲೇ.

ಡಿಮೆನ್ಷಿಯಾ ಎಂಬುದು ನೆನಪು, ಮಾತು, ವಿವೇಚನೆ, ನಿತ್ಯದ ಕೆಲಸಗಳು ಕ್ರಮೇಣ ಕುಸಿಯುವ ಸ್ಥಿತಿಗೆ ಇರುವ ಒಟ್ಟು ಹೆಸರು. ಅದರ ಕಾರಣಗಳಲ್ಲಿ ಆಲ್ಝೈಮರ್ ಮೊದಲನೆಯದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಒಟ್ಟು ಪ್ರಕರಣಗಳಲ್ಲಿ ಶೇಕಡ 60ರಿಂದ 70ರಷ್ಟಕ್ಕೆ ಅದು ಕಾರಣವಾಗಿರಬಹುದು. ಮಿದುಳಿನ ರಕ್ತಸಂಚಾರದ ತೊಂದರೆಯಿಂದ ಬರುವ ಬಗೆಯೂ ಸಾಮಾನ್ಯ. ಥೈರಾಯ್ಡ್ ಕೊರತೆ, ಬಿ12 ಜೀವಸತ್ತ್ವದ ಕೊರತೆ, ಖಿನ್ನತೆ ಇವುಗಳಿಂದಲೂ ಮರೆವು ಉಂಟಾಗುತ್ತದೆ. ಚಿಕಿತ್ಸೆಯಿಂದ ಅದು ಸುಧಾರಿಸಬಲ್ಲುದು. ಎಲ್ಲವನ್ನೂ ‘ಅರಳುಮರಳು’ ಎಂದು ಒಂದೇ ಗಂಟಿಗೆ ಕಟ್ಟಿದಾಗ ವಾಸಿಯಾಗಬಹುದಾಗಿದ್ದ ಮರೆವೂ ವಾಸಿಯಾಗದೆ ಉಳಿಯುತ್ತದೆ.

ಸಹಜ ಮರೆವಿಗೂ ಕಾಯಿಲೆಗೂ ಇರುವ ವ್ಯತ್ಯಾಸವನ್ನು ಹಳ್ಳಿಯ ನಿದರ್ಶನದಿಂದಲೇ ಹೇಳಬಹುದು. ಕುಡುಗೋಲನ್ನು ಎಲ್ಲಿಟ್ಟೆನೆಂದು ಮರೆತು, ಬಳಿಕ ಸೂರಿನಲ್ಲಿ ಸಿಕ್ಕಿಸಿದ್ದು ನೆನಪಾಗುವುದು ವಯೋಸಹಜ. ಕುಡುಗೋಲನ್ನು ಕೈಯಲ್ಲಿ ಹಿಡಿದು ಅದರಿಂದ ಮಾಡುವುದೇನೆಂದು ತಿಳಿಯದೆ ನಿಲ್ಲುವುದು ಕಾಯಿಲೆಯ ಲಕ್ಷಣ. ನೆಂಟರೊಬ್ಬರ ಹೆಸರು ನಾಲಿಗೆಯ ತುದಿಗೆ ಬಂದು ನಿಲ್ಲುವುದು ಸಹಜ. ನಲವತ್ತು ವರ್ಷ ನಡೆದ ಹೊಲದ ದಾರಿ ತಪ್ಪುವುದು ಸಹಜವಲ್ಲ.

ಈ ಕಾಯಿಲೆಯನ್ನು ಪೂರ್ಣವಾಗಿ ವಾಸಿಮಾಡುವ ಔಷಧ ಇನ್ನೂ ಇಲ್ಲ. ಡೊನೆಪೆಜಿಲ್, ರಿವಾಸ್ಟಿಗ್ಮೈನ್, ಗ್ಯಾಲಂಟಮೈನ್, ಮೆಮಂಟೈನ್ ಎಂಬ ಔಷಧಗಳು ಕೆಲವರಲ್ಲಿ ಲಕ್ಷಣಗಳನ್ನು ಸ್ವಲ್ಪಕಾಲ ಹತೋಟಿಯಲ್ಲಿಡುತ್ತವೆ. ಅಮೈಲಾಯ್ಡನ್ನು ತೆಗೆದುಹಾಕುವ ಲೆಕಾನೆಮಾಬ್ ಎಂಬ ಔಷಧಕ್ಕೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮೋದನೆ ದೊರೆಯಿತು. ಅದು ಆರಂಭದ ಹಂತದವರಲ್ಲಿ ಕಾಯಿಲೆಯ ವೇಗವನ್ನು ತುಸು ತಗ್ಗಿಸುತ್ತದೆಯೇ ಹೊರತು ಕಳೆದುಹೋದ ನೆನಪನ್ನು ಮರಳಿಸುವುದಿಲ್ಲ. ಆದ್ದರಿಂದ ಬಹುಪಾಲು ಕುಟುಂಬಗಳ ಪಾಲಿಗೆ ಇಂದಿಗೂ ಆರೈಕೆಯೇ ಮುಖ್ಯ ಚಿಕಿತ್ಸೆ.

ಸೀಮೆ ಮತ್ತು ಅದರ ಹಿರಿಯರು

ಸರಗೂರು ಮೈಸೂರು ಜಿಲ್ಲೆಯ ದಕ್ಷಿಣದಂಚಿನಲ್ಲಿ ಕಪಿಲಾ ನದಿಯ ದಂಡೆಯಲ್ಲಿದೆ. ಬಹುಕಾಲ ಹೆಗ್ಗಡದೇವನಕೋಟೆ ತಾಲೂಕಿಗೆ ಸೇರಿದ್ದ ಈ ಊರು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲೂಕಿನ ಕೇಂದ್ರವಾಗಿದೆ. ಬಂಡೀಪುರ ಮತ್ತು ನಾಗರಹೊಳೆಯ ಕಾಡುಗಳು, ಅವುಗಳಾಚೆಗಿನ ವಯನಾಡು ಈ ಸೀಮೆಯ ಬದುಕನ್ನು ರೂಪಿಸಿವೆ. ಬಯಲಿನ ರೈತಾಪಿ ಸಮುದಾಯಗಳ ಜೊತೆಗೆ ಜೇನುಕುರುಬರು, ಬೆಟ್ಟಕುರುಬರು, ಯರವರು, ಸೋಲಿಗರು ಈ ಭಾಗದಲ್ಲಿ ನೆಲೆಸಿದ್ದಾರೆ. ರಾಗಿ, ಜೋಳ, ಹುರುಳಿ, ಅವರೆಗಳ ಹಳೆಯ ಬೇಸಾಯದೊಡನೆ ಹತ್ತಿ, ಹೊಗೆಸೊಪ್ಪು, ಶುಂಠಿ ಬಂದು ಸೇರಿವೆ.

ಈ ಸೀಮೆಯ ಹಿರಿಯರ ನೆನಪಿನಲ್ಲಿ ಎರಡು ಘಟನೆಗಳು ಗಡಿಕಲ್ಲುಗಳಂತಿವೆ. ಒಂದು, 1971ರಲ್ಲಿ ಕಾಕನಕೋಟೆಯಲ್ಲಿ ನಡೆದ ಕೊನೆಯ ಖೆಡ್ಡಾ. ಇನ್ನೊಂದು, 1974ರಲ್ಲಿ ಕಬಿನಿ ಜಲಾಶಯ ತುಂಬಿ ಊರುಗಳೂ ಕಾಡೂ ಮುಳುಗಿದ್ದು. ಇವುಗಳೊಡನೆ ಹುಲಿ ಯೋಜನೆ ಹಾಗೂ ರಾಷ್ಟ್ರೀಯ ಉದ್ಯಾನಗಳ ಕಾರಣದಿಂದ ಕಾಡಿನೊಳಗಿನ ಹಾಡಿಗಳವರು ಹೊರಬಂದದ್ದೂ ಸೇರುತ್ತದೆ. 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತನ್ನು ದಾಟಿದ್ದಾರೆ. ಮರೆವಿನ ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವ ವಯಸ್ಸು ಇದೇ. ಹೀಗಾಗಿ ಈ ಸೀಮೆಯಲ್ಲಿ ಮರೆವನ್ನು ಕುರಿತು ಮಾತನಾಡುವುದೆಂದರೆ, ನೀರಿನಡಿಯ ಊರನ್ನೂ ಬಿಟ್ಟುಬಂದ ಹಾಡಿಯನ್ನೂ ತಲೆಯೊಳಗೆ ಹೊತ್ತಿರುವ ತಲೆಮಾರನ್ನು ಕುರಿತು ಮಾತನಾಡುವುದೇ ಆಗಿದೆ.

ಭಾರತದಲ್ಲಿ 60 ವರ್ಷ ದಾಟಿದವರಲ್ಲಿ ಶೇಕಡ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿ ಡಿಮೆನ್ಷಿಯಾದೊಡನೆ ಬದುಕುತ್ತಿದ್ದಾರೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನವೊಂದು ಅಂದಾಜಿಸಿತು. ಪುರುಷರಿಗಿಂತ ಮಹಿಳೆಯರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಪ್ರಮಾಣ ಹೆಚ್ಚೆಂದು ಅದು ತೋರಿಸಿತು. ಇದು ನಗರದವರ ಕಾಯಿಲೆ ಎಂಬ ನಂಬಿಕೆಗೆ ಇನ್ನು ಆಧಾರವಿಲ್ಲ. ಕರ್ನಾಟಕದಲ್ಲಿಯೇ ಇದಕ್ಕೆ ಸಂಬಂಧಿಸಿದ ಎರಡು ಮಹತ್ತ್ವದ ಅಧ್ಯಯನಗಳು ನಡೆದಿವೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ 1966ರವರೆಗೆ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟ ದಾಖಲೆಗಳು ಉಳಿದುಬಂದಿದ್ದು, ಅವರಲ್ಲಿ ಪತ್ತೆಯಾದವರನ್ನು ವಯಸ್ಸಾದ ಮೇಲೆ ಪರೀಕ್ಷಿಸಿ, ಹುಟ್ಟಿನ ಸ್ಥಿತಿಗೂ ಮುಪ್ಪಿನ ಬುದ್ಧಿಶಕ್ತಿಗೂ ಇರುವ ನಂಟನ್ನು ಹುಡುಕಲಾಗಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಗ್ರಾಮೀಣರಲ್ಲಿ 45 ವರ್ಷ ಮೇಲ್ಪಟ್ಟ 10,000 ಮಂದಿಯನ್ನು ದೀರ್ಘಕಾಲ ಅನುಸರಿಸುವ ಗುರಿಯ ಅಧ್ಯಯನವನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರ ಕೈಗೊಂಡಿದೆ.

ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಬದಲಿಸಬಹುದಾದ 14 ಅಪಾಯಕಾರಿ ಅಂಶಗಳನ್ನು ಪಟ್ಟಿಮಾಡಿತು. ಅವೆಲ್ಲವನ್ನೂ ನಿವಾರಿಸಿದರೆ ಸುಮಾರು ಶೇಕಡ 45ರಷ್ಟು ಪ್ರಕರಣಗಳನ್ನು ತಡೆಯುವ ಇಲ್ಲವೇ ಮುಂದೂಡುವ ಸಾಧ್ಯತೆಯಿದೆ. ಬಾಲ್ಯದಲ್ಲಿ ವಿದ್ಯೆ ದೊರೆಯದಿರುವುದು, ಕಿವಿ ಮಂದವಾಗುವುದು, ಕಣ್ಣಿನ ಪೊರೆಯಂತಹ ತೊಂದರೆಗೆ ಚಿಕಿತ್ಸೆ ಸಿಗದಿರುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ಅತಿಯಾದ ಮದ್ಯಪಾನ, ಹೊಗೆ ತುಂಬಿದ ಗಾಳಿ, ಒಂಟಿತನ ಇವು ಆ ಪಟ್ಟಿಯಲ್ಲಿವೆ. ಶಾಲೆಯ ಮೆಟ್ಟಿಲು ಹತ್ತದೆ, ಸೌದೆಯೊಲೆಯ ಮುಂದೆ ಬದುಕು ಕಳೆದು, ಪೊರೆ ಬಂದ ಕಣ್ಣಿನಲ್ಲಿ ಮೂಲೆ ಹಿಡಿದು ಕುಳಿತ ಅಜ್ಜಿಯೊಬ್ಬರಲ್ಲಿ ಇವುಗಳಲ್ಲಿ ಎಷ್ಟು ಅಂಶಗಳು ಒಟ್ಟುಗೂಡಿವೆಯೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜನಪದ ವಿವರಣೆಗಳು: ಆಶ್ರಯ ಮತ್ತು ಮರೆ

ಮುಪ್ಪಿನ ಮರೆವನ್ನು ಅರ್ಥಮಾಡಿಕೊಳ್ಳಲು ಜನಪದರಲ್ಲಿ ಸಿದ್ಧವಾಗಿರುವ ವಿವರಣೆಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ವಯೋಧರ್ಮದ ವಿವರಣೆ. ಅರಳುಮರಳಿನ ಗಾದೆಯೂ, ಮುಪ್ಪಿನಲ್ಲಿ ಮನುಷ್ಯ ಮತ್ತೆ ಮಗುವಾಗುತ್ತಾನೆಂಬ ಮಾತೂ ಈ ಬಗೆಗೆ ಸೇರುತ್ತವೆ. ಮಗುವಿನ ಹೋಲಿಕೆಯು ಸಹನೆಯನ್ನು ಕಲಿಸುತ್ತದೆ. ಆದರೆ ಮಗು ದಿನದಿನಕ್ಕೆ ಕಲಿಯುತ್ತ ಹೋಗುತ್ತದೆ, ಕಾಯಿಲೆಯವರು ಕಳೆದುಕೊಳ್ಳುತ್ತ ಹೋಗುತ್ತಾರೆ. ಅಲ್ಲದೆ ಅವರು ಎಂಟು ದಶಕ ಬಾಳಿ ಮನೆತನ ನಡೆಸಿದವರು. ಗದರಿಸಿ ತಿದ್ದುವ, ಎಲ್ಲರೆದುರು ಬಟ್ಟೆ ಬದಲಿಸುವ, ಏಕವಚನದಲ್ಲಿ ಕರೆಯುವ ನಡವಳಿಕೆಗೆ ಈ ಹೋಲಿಕೆ ಎಡೆಮಾಡಿಕೊಟ್ಟರೆ ಅದು ಅವರ ಮರ್ಯಾದೆಗೆ ಕುಂದು. ಹೆಸರು ಮರೆತವರಿಗೂ ಅವಮಾನದ ನೋವು ತಟ್ಟುತ್ತದೆ.

ಎರಡನೆಯದು ಸ್ವಭಾವದ ವಿವರಣೆ. ಆಲ್ಝೈಮರ್ ಇರುವವರಲ್ಲಿ ತಮ್ಮ ವಸ್ತುಗಳನ್ನು ಯಾರೋ ಕದ್ದರೆಂಬ ಭ್ರಮೆ ಸಾಮಾನ್ಯ. ಹಣದ ಗಂಟನ್ನೋ ಓಲೆಯನ್ನೋ ತಾವೇ ಎಲ್ಲಿಯೋ ಬಚ್ಚಿಟ್ಟು, ಬಚ್ಚಿಟ್ಟದ್ದನ್ನು ಮರೆತು, ಹತ್ತಿರದಲ್ಲಿ ಯಾರಿರುತ್ತಾರೋ ಅವರನ್ನು ದೂರುತ್ತಾರೆ. ಹತ್ತಿರದಲ್ಲಿರುವವಳು ಸಾಮಾನ್ಯವಾಗಿ ಸೊಸೆ. ಉಂಡು ಕೈತೊಳೆದ ಗಳಿಗೆಯಲ್ಲೇ ‘ಇವಳು ಅನ್ನ ಇಕ್ಕಲಿಲ್ಲ’ ಎಂದು ಬಂದವರೆದುರು ಹೇಳುವುದೂ ಇದೇ ಬಗೆಯದು. ಕನ್ನಡ ಜನಪದ ಕಥೆ, ಹಾಡು, ಗಾದೆಗಳಲ್ಲಿ ಅತ್ತೆ ಸೊಸೆಯರ ವೈಮನಸ್ಸು ಅತ್ಯಂತ ಸಮೃದ್ಧವಾದ ವಸ್ತು. ಕಾಡುವ ಅತ್ತೆ, ಅನ್ನವಿಕ್ಕದ ಸೊಸೆ ಎಂಬ ಪಾತ್ರಗಳು ಕೇಳುಗರ ಮನಸ್ಸಿನಲ್ಲಿ ಮೊದಲೇ ಇವೆ. ಕಾಯಿಲೆಯ ಲಕ್ಷಣವು ಆ ಪಾತ್ರಗಳ ಅಚ್ಚಿನೊಳಗೆ ಸುಲಭವಾಗಿ ಕುಳಿತುಬಿಡುತ್ತದೆ. ಊರಿನವರು ಸೊಸೆಯನ್ನು ಹಳಿಯುತ್ತಾರೆ, ಇಲ್ಲವೇ ಅತ್ತೆಯ ಗುಣವೇ ಹಾಗೆಂದು ತೀರ್ಮಾನಿಸುತ್ತಾರೆ. ಎರಡೂ ಸಂದರ್ಭಗಳಲ್ಲಿ ಕಾಯಿಲೆ ಮರೆಯಲ್ಲಿಯೇ ಉಳಿಯುತ್ತದೆ. ಹಗಲಿರುಳು ಸೇವೆ ಮಾಡಿದವಳ ಮೇಲೆಯೇ ಕಳ್ಳತನದ ಅಪವಾದ ಬರುವುದು ಈ ಕಾಯಿಲೆಯ ಕ್ರೂರ ಮುಖಗಳಲ್ಲೊಂದು. ಇದು ಮಿದುಳಿನ ತೊಂದರೆಯಿಂದ ಬಂದ ಮಾತು, ಮನಸ್ಸಿನ ಹಗೆಯಿಂದ ಬಂದದ್ದಲ್ಲ ಎಂಬ ಒಂದು ತಿಳಿವಳಿಕೆ ಎಷ್ಟೋ ಸಂಸಾರಗಳನ್ನು ಒಡೆಯದಂತೆ ಉಳಿಸಬಲ್ಲುದು.

ಮೂರನೆಯದು ಅತಿಮಾನುಷ ವಿವರಣೆ. ಸಂಜೆಯಾಗುತ್ತಲೇ ಗಾಬರಿ ಹೆಚ್ಚುವುದು, ಇಲ್ಲದವರನ್ನು ಕಂಡಂತೆ ಮಾತನಾಡುವುದು, ತೀರಿಹೋದ ತಾಯಿಯನ್ನು ಕರೆಯುವುದು ಕಂಡಾಗ ಗಾಳಿ ಸೋಕಿದೆ, ಹಿರಿಯರು ಕರೆಯುತ್ತಿದ್ದಾರೆ ಎಂಬ ವ್ಯಾಖ್ಯಾನ ಹುಟ್ಟುತ್ತದೆ. ಮಾರ್ನಮಿಯಲ್ಲಿ ತೀರಿಹೋದ ಹಿರಿಯರಿಗೆ ಎಡೆಯಿಡುವ ಸಮುದಾಯಗಳಲ್ಲಿ ಸತ್ತವರೊಡನೆ ಮಾತನಾಡುವುದು ಪೂರ್ತಿ ಅಪರಿಚಿತವಾದ ಸಂಗತಿಯಲ್ಲ. ಆದ್ದರಿಂದಲೇ ಅಂತಹ ಮಾತನ್ನು ಮನೆಯವರು ಹೆಚ್ಚು ಭೀತಿಯಿಲ್ಲದೆ ಕೇಳಿಸಿಕೊಳ್ಳಬಲ್ಲರು. ಇದು ಒಂದು ಅನುಕೂಲವೇ. ಆದರೆ ಒಂದೆರಡು ದಿನಗಳಲ್ಲಿ ಹಠಾತ್ತಾಗಿ ಗೊಂದಲ ಹೆಚ್ಚಿದರೆ ಅದು ಜ್ವರ, ಮೂತ್ರದ ಸೋಂಕು, ದೇಹದಲ್ಲಿ ನೀರಿನ ಕೊರತೆ, ಔಷಧದ ಅಡ್ಡಪರಿಣಾಮ ಇವುಗಳಿಂದ ಬಂದಿರಬಹುದು. ಆಗ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ತಾಯತ ಕಟ್ಟಿಸುವುದರಿಂದ ಹಾನಿಯಿಲ್ಲದಿರಬಹುದು, ಅದಕ್ಕಾಗಿ ಕಾಯುವುದರಲ್ಲಿ ಹಾನಿಯಿದೆ.

ಅಳೆಯುವ ಪ್ರಶ್ನೆಗಳು

ನೆನಪನ್ನು ಪರೀಕ್ಷಿಸಲು ಜಗತ್ತಿನಾದ್ಯಂತ ಬಳಕೆಯಾದ ಪ್ರಶ್ನಾವಳಿಯೊಂದು 1975ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಇಂದಿನ ತಾರೀಖು ಯಾವುದು, ನೂರರಿಂದ ಏಳೇಳನ್ನು ಕಳೆಯುತ್ತ ಹೋಗಿ, ಒಂದು ವಾಕ್ಯ ಬರೆಯಿರಿ, ಈ ಚಿತ್ರವನ್ನು ನಕಲುಮಾಡಿ ಎಂಬಂತಹ ಪ್ರಶ್ನೆಗಳು ಅದರಲ್ಲಿವೆ. ಅಕ್ಷರ ಕಲಿಯದ ಹಿರಿಯರನ್ನು ಇವುಗಳಿಂದ ಅಳೆದರೆ ಆರೋಗ್ಯವಂತರೂ ರೋಗಿಗಳಾಗಿ ಕಾಣುತ್ತಾರೆ. ಹರಿಯಾಣದ ಬಲ್ಲಭ್‌ಗಢದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನಕ್ಕಾಗಿ ಇದನ್ನು ಹಿಂದಿಗೆ ಒಗ್ಗಿಸಿಕೊಂಡಾಗ ಲೆಕ್ಕದ ಬದಲು ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಲಾಯಿತು. ವಾಕ್ಯ ಬರೆಸುವ ಬದಲು ಮನೆಯ ಬಗ್ಗೆ ಏನಾದರೂ ಹೇಳಿರೆಂದು ಕೇಳಲಾಯಿತು. ಇದೇ ಸಂದರ್ಭದಲ್ಲಿ ನಿತ್ಯದ ಕೆಲಸಗಳನ್ನು ಹಿರಿಯರು ಹೇಗೆ ಮಾಡುತ್ತಿದ್ದಾರೆಂದು ಮನೆಯವರನ್ನು ಕೇಳುವ ಮಾಪನವೂ ಸಿದ್ಧವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ಮುಂದೆ ರೂಪುಗೊಂಡ ಪರೀಕ್ಷಾ ಸಂಪುಟವು ಹಿಂದಿ, ಬಂಗಾಳಿ, ತೆಲುಗು, ಮಲಯಾಳಗಳ ಜೊತೆಗೆ ಕನ್ನಡದಲ್ಲಿಯೂ ಇದೆ.

ಜಾನಪದ ಅಧ್ಯಯನದ ನೆರವು ಬೇಕಾಗುವುದು ಇಲ್ಲಿಯೇ. ಸರಗೂರು ಸೀಮೆಯ ರೈತ ಹಿರಿಯರು ಕಾಲವನ್ನು ಎಣಿಸುವುದು ಗೋಡೆಯ ಕ್ಯಾಲೆಂಡರಿನಿಂದಲ್ಲ. ಭರಣಿ, ರೋಹಿಣಿ, ಆರಿದ್ರಾ, ಹಸ್ತಾ, ಚಿತ್ತಾ ಎಂಬ ಮಳೆ ನಕ್ಷತ್ರಗಳಿಂದ, ಉಗಾದಿ, ಗೌರಿಹಬ್ಬ, ಮಾರ್ನಮಿಗಳಿಂದ, ಚಿಕ್ಕದೇವಮ್ಮನ ಬೆಟ್ಟದ ಜಾತ್ರೆಯಿಂದ, ಸಂತೆಯ ದಿನದಿಂದ. ತಾರೀಖು ತಿಳಿಯದ ಅಜ್ಜನಿಗೆ ಈಗ ನಡೆಯುತ್ತಿರುವ ಮಳೆ ಯಾವುದೆಂದು ತಿಳಿದಿದ್ದರೆ ಆತನಿಗೆ ಕಾಲದ ಅರಿವು ಇದೆಯೆಂದೇ ಅರ್ಥ. ಜೀವಮಾನವೆಲ್ಲ ಮಳೆಯ ಲೆಕ್ಕ ಇಟ್ಟವರು ಆ ಲೆಕ್ಕವನ್ನೇ ತಪ್ಪತೊಡಗಿದರೆ ಅದು ತಾರೀಖು ಮರೆತದ್ದಕ್ಕಿಂತ ಗಂಭೀರವಾದ ಸೂಚನೆ. ಮುದ್ದೆಯ ಹದ ಕೆಡುವುದು, ಹಾಲು ಕರೆಯುವಾಗ ಕರುವನ್ನು ಬಿಡಲು ಮರೆಯುವುದು, ಬಿತ್ತನೆಯ ಸಾಲು ತಪ್ಪುವುದು, ಸಂಬಂಧಗಳ ಎಣಿಕೆಯಲ್ಲಿ ಸೋದರಮಾವನನ್ನೂ ಚಿಕ್ಕಪ್ಪನನ್ನೂ ಅದಲುಬದಲು ಮಾಡುವುದು ಮೊದಲಾದವನ್ನು ಮನೆಯವರು ಗುರುತಿಸಬಲ್ಲರು. ವೈದ್ಯರು ಇವನ್ನು ಕೇಳಿದರೆ ಕಾಯಿಲೆಯ ಆರಂಭವೇ ಗೋಚರಿಸೀತು.

ಗಾದೆಗೆ ಅರ್ಥ ಹೇಳಿಸುವುದು ಮನೋವೈದ್ಯರ ಪರೀಕ್ಷೆಯಲ್ಲಿ ಬಹುಕಾಲದಿಂದ ಬಂದ ಕ್ರಮ. ಮಾತಿನ ಹಿಂದಿನ ಭಾವವನ್ನು ಹಿಡಿಯುವ ಶಕ್ತಿ ಉಳಿದಿದೆಯೇ ಎಂಬುದನ್ನು ಅದು ತೋರಿಸುತ್ತದೆ. ಆದರೆ ಪುಸ್ತಕದಿಂದ ಆಯ್ದ ಗಾದೆ ಆ ಸೀಮೆಯದಾಗಿರದಿದ್ದರೆ ಉತ್ತರ ಬರದಿರುವುದು ರೋಗದ ಲಕ್ಷಣವಾಗದು.

ಭಾಷೆಯ ಪ್ರಶ್ನೆಯೂ ಇಲ್ಲಿದೆ. ಹೈದರಾಬಾದಿನಲ್ಲಿ ಡಿಮೆನ್ಷಿಯಾ ಇದ್ದ 648 ಮಂದಿಯನ್ನು ಪರಿಶೀಲಿಸಿ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸರಾಸರಿ ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ಅಂತರ ಇತ್ತು. ಜೇನುನುಡಿ, ಯರವ ನುಡಿ, ಕನ್ನಡ, ಮಲಯಾಳಗಳ ನಡುವೆ ಸಲೀಸಾಗಿ ಓಡಾಡುವ ಈ ಗಡಿಸೀಮೆಯವರ ಪಾಲಿಗೆ ಇದು ಗಮನಾರ್ಹ. ಕಾಯಿಲೆ ಬಲಿತಂತೆ ಬಳಿಕ ಕಲಿತ ಭಾಷೆ ಹಿಂದೆ ಸರಿದು ತಾಯ್ನುಡಿ ಉಳಿಯುವುದು ಅನೇಕರಲ್ಲಿ ಕಂಡುಬಂದಿದೆ. ಜೇನುಕುರುಬ ಹಿರಿಯರೊಬ್ಬರನ್ನು ಪಠ್ಯಪುಸ್ತಕದ ಕನ್ನಡದಲ್ಲಿ ಪ್ರಶ್ನಿಸಿ, ಉತ್ತರ ಬರಲಿಲ್ಲವೆಂದು ಅಂಕ ಕಳೆಯುವುದು ನ್ಯಾಯವಾಗಲಾರದು.

ಉಳಿಯುವ ನೆನಪು

ಎಲ್ಲ ನೆನಪುಗಳೂ ಒಂದೇ ವೇಗದಲ್ಲಿ ಅಳಿಯುವುದಿಲ್ಲ. ಕೈಗೆ ಒಗ್ಗಿದ ಕೆಲಸದ ನೆನಪು, ಲಯದ ನೆನಪು ತುಲನಾತ್ಮಕವಾಗಿ ಹೆಚ್ಚು ಕಾಲ ಉಳಿಯುತ್ತವೆ. ಬಹುಕಾಲದಿಂದ ಬಲ್ಲ ಸಂಗೀತದ ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಆಲ್ಝೈಮರ್‌ನಲ್ಲಿ ಇತರ ಭಾಗಗಳಷ್ಟು ಬೇಗ ಕುಗ್ಗುವುದಿಲ್ಲವೆಂದು 2015ರಲ್ಲಿ ‘ಬ್ರೈನ್’ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ಸೂಚಿಸಿತು.

ಮೈಸೂರು, ಚಾಮರಾಜನಗರ ಸೀಮೆಯ ಮೌಖಿಕ ಪರಂಪರೆ ನಿಂತಿರುವುದೇ ಲಯದ ಮೇಲೆ. ಅಕ್ಷರ ಬಾರದ ಕಂಸಾಳೆಯವರು ಮಲೆಯ ಮಾದೇಶ್ವರನ ಕಥೆಯನ್ನೂ ನೀಲಗಾರರು ಮಂಟೇಸ್ವಾಮಿಯ ಕಥೆಯನ್ನೂ ರಾತ್ರಿಗಟ್ಟಲೆ ಹಾಡಬಲ್ಲರು. ಹೆಣ್ಣುಮಕ್ಕಳ ರಾಗಿ ಬೀಸುವ ಪದ, ಸೋಬಾನೆ ಪದಗಳು ಬೀಸುವ ಕೈ, ಕಟ್ಟುವ ದನಿಗಳೊಡನೆ ಮೈಯೊಳಗೆ ಇಳಿದಿರುತ್ತವೆ. ಮಾತು ತಡವರಿಸುವವರೂ ಪದದ ಮೊದಲ ಸೊಲ್ಲನ್ನು ಯಾರಾದರೂ ಎತ್ತಿಕೊಟ್ಟರೆ ಮುಂದುವರಿಸಬಲ್ಲರೆಂಬುದಕ್ಕೆ ಈ ತಿಳಿವಳಿಕೆ ಆಧಾರವನ್ನೊದಗಿಸುತ್ತದೆ. ಗಾದೆಯ ಮೊದಲರ್ಧವನ್ನು ಹೇಳಿ ಉಳಿದರ್ಧವನ್ನು ಅವರ ಬಾಯಿಂದ ಕೇಳುವುದು, ಒಗಟು ಬಿಡಿಸುವುದು, ಹುಣಿಸೆಬೀಜಗಳನ್ನು ಹಾಕಿ ಅಳಗುಳಿಮನೆ ಆಡುವುದು, ಅವರೆಕಾಯಿ ಸುಲಿಯಲು ಕೊಡುವುದು, ಖೆಡ್ಡಾದ ಕಥೆಯನ್ನು ಮೊಮ್ಮಕ್ಕಳಿಗೆ ಹೇಳಿಸುವುದು ಎಲ್ಲವೂ ಹಣ ಬೇಡದ ಆರೈಕೆಗಳು. ಸುಲಿದದ್ದು ಸರಿಯಾಗಿದೆಯೇ, ಕಥೆಯಲ್ಲಿ ಇಸವಿ ತಪ್ಪಿತೇ ಎಂಬುದು ಮುಖ್ಯವಲ್ಲ. ತಾನು ಇನ್ನೂ ಮನೆಗೆ ಬೇಕಾದವನು ಎಂಬ ಭಾವ ಉಳಿಯುವುದು ಮುಖ್ಯ.

ಜಾನಪದ ವಿದ್ವಾಂಸರಿಗೆ ಇದರಲ್ಲಿ ಒಂದು ಎಚ್ಚರಿಕೆಯೂ ಇದೆ. ಸಂಗ್ರಹಕಾರರು ವಕ್ತೃವಿನ ನೆನಪನ್ನು ಪಡೆದುಕೊಂಡು ಮರಳುತ್ತಾರೆ. ಆ ನೆನಪು ಅಳಿಯುವ ಕಾಲಕ್ಕೆ ಅವರು ಅಲ್ಲಿರುವುದಿಲ್ಲ. ಧ್ವನಿಮುದ್ರಿಸಿದ ಹಾಡುಗಳ ಪ್ರತಿಯೊಂದು ಹಾಡಿದವರ ಮನೆಯಲ್ಲಿ ಉಳಿದರೆ, ಮುಂದೊಂದು ದಿನ ಅದು ಅವರ ಆರೈಕೆಯ ಸಾಧನವಾದೀತು.

ಆರೈಕೆಯ ಕ್ರಮ

ಆರೈಕೆಯ ಮೊದಲ ಪಾಠ ವಾದಿಸದಿರುವುದು. ‘ಮನೆಗೆ ಹೋಗಬೇಕು’ ಎಂದು ಮನೆಯಲ್ಲೇ ಕುಳಿತು ಹಂಬಲಿಸುವುದು ಈ ಕಾಯಿಲೆಯವರಲ್ಲಿ ಜಗತ್ತಿನೆಲ್ಲೆಡೆ ಕಂಡುಬರುವ ವರ್ತನೆ. ಕಬಿನಿಯ ಹಿನ್ನೀರಿನ ಸೀಮೆಯಲ್ಲಿ ಆ ಮನೆ ನೀರಿನಡಿಯಲ್ಲಿರಬಹುದು, ಕಾಡಿನೊಳಗಿನ ಹಳೆಯ ಹಾಡಿಯಲ್ಲಿರಬಹುದು. ‘ಇದೇ ನಿನ್ನ ಮನೆ’ ಎಂದು ಸಾಧಿಸುವುದಕ್ಕಿಂತ ‘ಆ ಮನೆಯ ಮುಂದೆ ಯಾವ ಮರ ಇತ್ತು’ ಎಂದು ಕೇಳಿ, ಮಾತನಾಡಿಸಿ, ನಾಲ್ಕು ಹೆಜ್ಜೆ ನಡೆಸಿ ಕರೆತರುವುದು ಹೆಚ್ಚು ಫಲಕಾರಿ. ತೀರಿಹೋದ ಗಂಡನನ್ನು ಕೇಳುವವರಿಗೆ ಪ್ರತಿಬಾರಿಯೂ ಸಾವಿನ ಸುದ್ದಿ ಹೇಳಿದರೆ ಪ್ರತಿಬಾರಿಯೂ ಅದು ಹೊಸ ಸಾವಾಗುತ್ತದೆ.

ದಿನಚರಿ ಒಂದೇ ಬಗೆಯಲ್ಲಿರಬೇಕು. ಒಂದು ಬಾರಿಗೆ ಒಂದೇ ಮಾತು, ಒಂದೇ ಕೆಲಸ ಹೇಳಬೇಕು. ಹೊತ್ತು ಮುಳುಗುವ ಮೊದಲೇ ದೀಪ ಹಚ್ಚಿದರೆ ಸಂಜೆಯ ಗಾಬರಿ ತಗ್ಗುತ್ತದೆ. ಬಚ್ಚಲಿನ ದಾರಿಯಲ್ಲಿ ಎಡವುವಂತಹ ವಸ್ತುಗಳು ಇರಬಾರದು. ಒಲೆ, ಸೀಮೆಎಣ್ಣೆ, ಹೊಲಕ್ಕೆ ಹೊಡೆಯುವ ಔಷಧಿಯ ಡಬ್ಬಿಗಳು ಕೈಗೆ ಸಿಗದಂತಿರಬೇಕು. ನುಂಗುವುದು ಕಷ್ಟವಾದಾಗ ಮುದ್ದೆಯ ತುತ್ತು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ತೀರ ನೀರಾದದ್ದು ಶ್ವಾಸನಾಳಕ್ಕೆ ಇಳಿಯಬಹುದು. ನೆಟ್ಟಗೆ ಕೂರಿಸಿ, ಗಟ್ಟಿಯಾದ ರಾಗಿ ಗಂಜಿಯನ್ನು ಸಣ್ಣ ಚಮಚದಲ್ಲಿ ನಿಧಾನವಾಗಿ ಕುಡಿಸುವುದು ಸುರಕ್ಷಿತ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಬೆನ್ನುಹುಣ್ಣಾಗುತ್ತದೆ.

ಅಲೆದಾಟ ಈ ಸೀಮೆಯಲ್ಲಿ ವಿಶೇಷ ಅಪಾಯದ ಸಂಗತಿ. ಕಾಡಂಚಿನ ಊರಿನಲ್ಲಿ ಇರುಳು ಹೊರನಡೆದವರಿಗೆ ಆನೆ, ಆನೆಕಂದಕ, ಕಾಲುವೆ, ಹಿನ್ನೀರು ಎಲ್ಲವೂ ಎದುರಾಗುತ್ತವೆ. ಹೇಮಂತ್ ರಾವ್ ನಿರ್ದೇಶಿಸಿ, ಅನಂತನಾಗ್ ಮರೆವಿನ ಕಾಯಿಲೆಯ ತಂದೆಯಾಗಿ ಅಭಿನಯಿಸಿದ 2016ರ ಕನ್ನಡ ಚಲನಚಿತ್ರಕ್ಕೆ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಎಂಬ ಹೆಸರಿದೆ. ಕಾಣೆಯಾದವರ ಪ್ರಕಟಣೆಯ ಭಾಷೆಯೇ ಶೀರ್ಷಿಕೆಯಾಗಿರುವುದು ಅರ್ಥಪೂರ್ಣ. ನಗರದಲ್ಲಿ ಕಾಣೆಯಾದವರನ್ನು ಭಿತ್ತಿಪತ್ರ ಹುಡುಕಬೇಕು. ಹಳ್ಳಿಯಲ್ಲಿ ನೆರೆಹೊರೆಯೇ ಕಾವಲಾಗಬಲ್ಲುದು. ಆದರೆ ಅದಕ್ಕೆ ಕಾಯಿಲೆಯ ವಿಷಯವನ್ನು ಬಚ್ಚಿಡದೆ ನೆರೆಯವರಿಗೂ ಅಂಗಡಿಯವರಿಗೂ ಬಸ್ಸಿನವರಿಗೂ ತಿಳಿಸಿರಬೇಕು. ಹೆಸರು, ಊರು, ದೂರವಾಣಿ ಸಂಖ್ಯೆ ಬರೆದ ಬಿಲ್ಲೆಯನ್ನು ತಾಯತದಂತೆ ಕಟ್ಟುವುದೂ ಉಪಯುಕ್ತ.

ಆರೈಕೆ ಮಾಡುವವರು

ಮನೆಯೊಳಗೇ ಹಿರಿಯರನ್ನು ಇರಿಸಿಕೊಳ್ಳುವ ಪರಂಪರೆಯನ್ನು ಹೊಗಳುವಾಗ ಅದರ ಭಾರ ಯಾರ ಹೆಗಲ ಮೇಲಿದೆಯೆಂದು ಕೇಳುವುದು ಅಗತ್ಯ. ಈ ಭಾಗದ ದುಡಿಯುವ ಜನ ಕೂಲಿಗಾಗಿ ಕೊಡಗಿನ ಕಾಫಿ ತೋಟಗಳಿಗೂ ಕೇರಳಕ್ಕೂ ಮೈಸೂರು, ಬೆಂಗಳೂರುಗಳಿಗೂ ಹೋಗುತ್ತಾರೆ. ಮನೆಯಲ್ಲಿ ಉಳಿಯುವವರು ಮುದುಕರು, ಮಕ್ಕಳು ಮತ್ತು ಒಬ್ಬ ಹೆಂಗಸು. ಆಕೆ ಕೂಲಿ ಬಿಡಬೇಕು, ಇಲ್ಲವೇ ಬಾಗಿಲಿಗೆ ಚಿಲಕ ಹಾಕಿ ಹೋಗಬೇಕು. ಚಿಲಕ ಹಾಕಿದವಳನ್ನು ಕಟುಕಿಯೆಂದು ಕರೆಯುವುದು ಸುಲಭ. ಗಂಡುಮಕ್ಕಳು, ಹೆಣ್ಣುಮಕ್ಕಳು, ನೆಂಟರು ಸರದಿಯಂತೆ ವಾರಕ್ಕೆ ಒಂದು ಹಗಲು, ಒಂದು ಇರುಳು ಹೊಣೆ ಹೊತ್ತರೆ ಆ ಚಿಲಕ ಬೇಕಾಗುವುದಿಲ್ಲ. ನಾಟಿಗೂ ಕಟಾವಿಗೂ ಇರುವ ಮುಯ್ಯಾಳಿನ ಪದ್ಧತಿಯನ್ನು ಆರೈಕೆಗೂ ವಿಸ್ತರಿಸಿಕೊಳ್ಳಲು ಅಡ್ಡಿಯಿಲ್ಲ. ಸ್ತ್ರೀಶಕ್ತಿ ಸಂಘಗಳು ಇದಕ್ಕೆ ಸಿದ್ಧ ವೇದಿಕೆಗಳು.

ಸಾಂಸ್ಥಿಕ ನೆರವಿನ ನೆಲೆಗಳೂ ಇವೆ. 1984ರಲ್ಲಿ ಆರಂಭವಾದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ವಿವೇಕಾನಂದ ಮೆಮೋರಿಯಲ್ ಆಸ್ಪತ್ರೆಯನ್ನು ಕಟ್ಟಿ, ಬುಡಕಟ್ಟು ಹಾಡಿಗಳವರಿಗೂ ಗ್ರಾಮೀಣರಿಗೂ ಚಿಕಿತ್ಸೆ ಹತ್ತಿರವಾಗುವಂತೆ ಮಾಡಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಸಹಯೋಗದಲ್ಲಿ ರಾಜ್ಯದ ಆರೋಗ್ಯ ಇಲಾಖೆ 2022ರಲ್ಲಿ ಮಿದುಳಿನ ಆರೋಗ್ಯದ ಕಾರ್ಯಕ್ರಮವೊಂದನ್ನು ಆರಂಭಿಸಿತು. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲಿ ಸಲಹೆ ಪಡೆಯಬಹುದು. 14567 ಹಿರಿಯ ನಾಗರಿಕರ ಸಹಾಯವಾಣಿ. ಬೆಂಗಳೂರಿನಲ್ಲಿ 1998ರಲ್ಲಿ ಸ್ಥಾಪನೆಯಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಡಿಮೆನ್ಷಿಯಾ ಆರೈಕೆಯಲ್ಲಿ ತೊಡಗಿದೆ. ಆದರೂ ಹಳ್ಳಿಯ ಮಟ್ಟದಲ್ಲಿ ಮೊದಲು ಕಾಯಿಲೆಯನ್ನು ಗುರುತಿಸಬೇಕಾದವರು ಆಶಾ ಕಾರ್ಯಕರ್ತೆಯರು. ಮನೆಮನೆಯ ಸಂಗತಿ ಬಲ್ಲ ಅವರಿಗೆ ತರಬೇತಿ ದೊರೆತರೆ ಅರಳುಮರಳಿನ ಮರೆಯಲ್ಲಿರುವ ಕಾಯಿಲೆ ಬೇಗ ಹೊರಬೀಳುತ್ತದೆ.

ಆಸ್ತಿಯ ಪ್ರಶ್ನೆಯೂ ಇದರೊಡನೆ ಹೆಣೆದುಕೊಂಡಿದೆ. ತಿಳಿವು ಕುಂದಿದವರಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಜಮೀನು ಬರೆಸಿಕೊಳ್ಳುವುದು ಕಷ್ಟದ ಕೆಲಸವಲ್ಲ. ನೋಡಿಕೊಳ್ಳುತ್ತೇವೆಂಬ ಷರತ್ತಿನ ಮೇಲೆ ಹಿರಿಯ ನಾಗರಿಕರಿಂದ ಆಸ್ತಿ ಪಡೆದು ಬಳಿಕ ಕೈಬಿಟ್ಟರೆ ಆ ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸುವ ಅವಕಾಶ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ನಿರ್ವಹಣೆ ಹಾಗೂ ಕಲ್ಯಾಣ ಕಾಯ್ದೆಯ 23ನೆಯ ಪ್ರಕರಣದಲ್ಲಿದೆ. ಕಾಯಿಲೆ ಬೇಗ ಪತ್ತೆಯಾದರೆ, ತಿಳಿವು ಇರುವಾಗಲೇ ಹಿರಿಯರು ತಮ್ಮ ಇಚ್ಛೆಯನ್ನು ಹೇಳಿ ಬರೆಸಲು ಸಾಧ್ಯವಾಗುತ್ತದೆ.

ಸಮಾರೋಪ

ಈವರೆಗಿನ ವಿವೇಚನೆಯಿಂದ ಕೆಲವು ಅಂಶಗಳು ವ್ಯಕ್ತವಾಗುತ್ತವೆ. ಅರಳುಮರಳು ಎಂಬ ಜನಪದ ಗ್ರಹಿಕೆಯು ಮರೆವಿನ ಹಿರಿಯರಿಗೆ ಮನೆಯಲ್ಲಿ ಜಾಗ ಕೊಟ್ಟಿದೆ. ಅದೇ ವೇಳೆ ಅವರ ಕಾಯಿಲೆಗೆ ಹೆಸರು ಸಿಗದಂತೆಯೂ ಮಾಡಿದೆ. ಅತ್ತೆ ಸೊಸೆಯರ ಕಥನ, ಗಾಳಿ ಸೋಕಿನ ನಂಬಿಕೆ ಮುಂತಾದ ಅಚ್ಚುಗಳು ಲಕ್ಷಣಗಳನ್ನು ಬೇರೊಂದು ಅರ್ಥಕ್ಕೆ ತಿರುಗಿಸುತ್ತವೆ. ಮಳೆ ನಕ್ಷತ್ರ, ಬಂಧುತ್ವದ ಎಣಿಕೆ, ಗಾದೆ, ಕೈಕೆಲಸಗಳು ಓದುಬರಹ ಬಾರದವರ ನೆನಪನ್ನು ನ್ಯಾಯವಾಗಿ ಅಳೆಯಲು ನೆರವಾಗಬಲ್ಲವು. ಹಾಡು, ಒಗಟು, ಆಟ, ಮುಯ್ಯಾಳಿನ ಪದ್ಧತಿಗಳು ಆರೈಕೆಯ ಆಧಾರಗಳಾಗಬಲ್ಲವು.

ಜಾನಪದ ಅಧ್ಯಯನವು ಇದುವರೆಗೆ ಹಿರಿಯರನ್ನು ನೆನಪಿನ ಭಂಡಾರಗಳೆಂದು ಗೌರವಿಸುತ್ತ ಬಂದಿದೆ. ಭಂಡಾರ ಬರಿದಾಗುತ್ತಿರುವಾಗಲೂ ಆ ಗೌರವ ಉಳಿಯಬೇಕಾಗಿದೆ. ವೈದ್ಯರು, ಆರೋಗ್ಯ ಕಾರ್ಯಕರ್ತರು, ಜಾನಪದ ವಿದ್ವಾಂಸರು ಒಟ್ಟಿಗೆ ಕುಳಿತು ಸೀಮೆ ಸೀಮೆಯ ನುಡಿಗೆ ತಕ್ಕ ಪ್ರಶ್ನಾವಳಿಗಳನ್ನೂ ಆರೈಕೆಯ ಕೈಪಿಡಿಗಳನ್ನೂ ಸಿದ್ಧಪಡಿಸುವುದು ಮುಂದಿನ ಕೆಲಸ. ಗಾದೆಯನ್ನು ಜನರ ಬಾಯಿಂದ ಅಳಿಸಬೇಕಾಗಿಲ್ಲ. ಅರಳುಮರಳು ಎಂದೊಡನೆ ಮಾತು ಮುಗಿಯಿತೆಂದು ತಿಳಿಯದೆ, ಒಮ್ಮೆ ಆಸ್ಪತ್ರೆಗೆ ತೋರಿಸಿಕೊಂಡು ಬರೋಣ ಎಂಬ ಮಾತು ಅದರ ಬೆನ್ನಿಗೇ ಬರುವಂತಾದರೆ ಸಾಕು.